ಮುಖ್ಯೋಪಾಧ್ಯಾಯನ ವಿವೇಕ

ಶಾಲೆಯ ಮುಖ್ಯೋಪಾಧ್ಯಾಯನ ಕೆಲಸವೇನೆಂದು ಊರಿನವರನ್ನು ಕೇಳಿದರೆ, ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಿತೆ ಎಂದು ನೋಡುವುದು, ಹಾಜರಿ ಪುಸ್ತಕಕ್ಕೆ ರುಜು ಹಾಕುವುದು, ಮೇಲಧಿಕಾರಿಗಳು ಬಂದಾಗ ಎದುರುಗೊಳ್ಳುವುದು, ಇಷ್ಟೇ ಎಂದು ಹೇಳಿಯಾರು. ಹೊರಗಿನಿಂದ ನೋಡುವವರಿಗೆ ಹಾಗೆ ತೋರುವುದು ಸಹಜ. ಆದರೆ ಆ ಆಸನದಲ್ಲಿ ಒಂದು ದಿನ ಕುಳಿತವನಿಗೆ ಬೇರೊಂದು ಸಂಗತಿ ತಿಳಿಯುತ್ತದೆ. ನ್ಯಾಯಾಧೀಶನು ವಾದಿ ಪ್ರತಿವಾದಿಗಳ ಮಾತನ್ನು ಸಾವಧಾನವಾಗಿ ಕೇಳಿ, ಸಾಕ್ಷ್ಯಗಳನ್ನು ತೂಗಿ ತೀರ್ಪು ಬರೆಯುತ್ತಾನೆ. ಆ ತೀರ್ಪು ತಪ್ಪಾದರೆ ಮೇಲ್ಮನವಿಗೆ ಮತ್ತೊಂದು ನ್ಯಾಯಾಲಯವಿದೆ. ಮುಖ್ಯೋಪಾಧ್ಯಾಯನಾದರೋ ಬಾಗಿಲಲ್ಲಿ ನಿಂತು, ಪಡಸಾಲೆಯಲ್ಲಿ ನಡೆಯುತ್ತ, ಅರೆಗಳಿಗೆಯಲ್ಲಿ ತೀರ್ಪು ಕೊಟ್ಟುಬಿಡುತ್ತಾನೆ. ಅದು ತಪ್ಪಾದರೆ ಹತ್ತು ವರ್ಷದ ಮಗು ಎಲ್ಲಿಗೆ ಹೋಗಿ ಮೇಲ್ಮನವಿ ಸಲ್ಲಿಸೀತು?

ಇಂತಹ ತೀರ್ಪುಗಳು ಧರ್ಮಸಮ್ಮತವಾಗುವುದು ಯಾವುದರಿಂದ ಎಂಬುದೇ ಈ ಲೇಖನದ ಪ್ರಶ್ನೆ. ನಿಯಮವನ್ನು ಅಕ್ಷರಶಃ ಪಾಲಿಸುವುದರಿಂದಲೆ? ಅಥವಾ ನಿಯಮವನ್ನು ಬದಿಗಿಡಬಲ್ಲ ದಯೆಯಿಂದಲೆ? ಸಾಮಾನ್ಯವಾಗಿ ನಮ್ಮಲ್ಲಿ ಈ ಎರಡು ಪಕ್ಷಗಳೇ ಇವೆ. ಒಬ್ಬ ಮುಖ್ಯೋಪಾಧ್ಯಾಯನನ್ನು "ಬಲು ಕಟ್ಟುನಿಟ್ಟು" ಎಂದು ಹೊಗಳುತ್ತೇವೆ. ಇನ್ನೊಬ್ಬನನ್ನು "ಬಲು ಮೃದು, ತಾಯಿಯಂಥವರು" ಎಂದು ಹೊಗಳುತ್ತೇವೆ. ಈ ಎರಡು ಹೊಗಳಿಕೆಗಳಲ್ಲಿಯೂ ವಿವೇಕವೆಂಬ ಮೂರನೆಯ ವಸ್ತುವನ್ನು ನಾವು ಮರೆತಿದ್ದೇವೆ ಎಂದು ನನಗೆ ತೋರುತ್ತದೆ. ಇದನ್ನು ಪುಸ್ತಕದಿಂದಲ್ಲ, ನನ್ನ ತಪ್ಪುಗಳಿಂದ ಕಲಿತೆ. ಆದುದರಿಂದ ಆ ತಪ್ಪುಗಳನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳುವವನಿದ್ದೇನೆ.

ಮೊದಲು ಆ ಆಸನದ ಒಂದು ದಿನವನ್ನು ನೋಡೋಣ. ಪ್ರಾರ್ಥನೆ ಮುಗಿಯುವ ಮುನ್ನವೇ ಇಬ್ಬರು ಶಿಕ್ಷಕರು ಬಂದಿಲ್ಲವೆಂದು ತಿಳಿಯುತ್ತದೆ. ಒಬ್ಬರ ಮನೆಯಲ್ಲಿ ಕಾಯಿಲೆ, ಮತ್ತೊಬ್ಬರಿಗೆ ಸರ್ಕಾರದ ಸಮೀಕ್ಷೆಯ ಕೆಲಸ. ಎಂಟನೆಯ ತರಗತಿಯನ್ನು ಒಂಬತ್ತನೆಯದರೊಡನೆ ಕೂಡಿಸಬೇಕೋ, ಗಣಿತವನ್ನು ಬಿಟ್ಟು ಆಟಕ್ಕೆ ಕಳುಹಿಸಬೇಕೋ? ತಡವಾಗಿ ಬಂದ ಏಳು ಮಕ್ಕಳು ಬಾಗಿಲಲ್ಲಿ ನಿಂತಿದ್ದಾರೆ. ಅವರಲ್ಲಿ ಇಬ್ಬರು ಹಾಲು ಹಾಕಿ ಬಂದವರು, ಮೂವರಿಗೆ ಬಸ್ಸು ಸಿಗಲಿಲ್ಲ, ಉಳಿದಿಬ್ಬರು ಕೆರೆಯ ದಂಡೆಯಲ್ಲಿ ಆಡುತ್ತ ನಿಂತವರು. ಒಬ್ಬ ತಾಯಿ ಮಗಳ ವರ್ಗಾವಣೆ ಪತ್ರ ಕೇಳಲು ಬಂದಿದ್ದಾಳೆ, ಕಾರಣವನ್ನು ಹೇಳಲೊಲ್ಲಳು. ಅಡಿಗೆಯವಳು ಬೇಳೆ ಮುಗಿಯಿತೆನ್ನುತ್ತಾಳೆ. ಹೊಸದಾಗಿ ಬಂದ ತರುಣ ಶಿಕ್ಷಕನು ಒಬ್ಬ ಹುಡುಗನನ್ನು ಹೊರಗೆ ನಿಲ್ಲಿಸಿದ್ದಾನೆ, ಹುಡುಗನ ತಂದೆ ಜಗಳಕ್ಕೆ ಬಂದಿದ್ದಾನೆ. ಅಂದೇ ಸಂಜೆಯೊಳಗೆ ಅಂಕಿ ಅಂಶಗಳನ್ನು ಗಣಕಯಂತ್ರದಲ್ಲಿ ತುಂಬಿ ಕಳುಹಿಸಬೇಕೆಂದು ಆಜ್ಞೆ ಬಂದಿದೆ. ಮಧ್ಯಾಹ್ನದ ಗಂಟೆ ಬಾರಿಸುವಷ್ಟರಲ್ಲಿ ಆತನು ಇಪ್ಪತ್ತು ಮೂವತ್ತು ನಿರ್ಣಯಗಳನ್ನು ಮಾಡಿರುತ್ತಾನೆ, ಅವುಗಳಲ್ಲಿ ಒಂದೆರಡನ್ನು ಬಿಟ್ಟರೆ ಉಳಿದವು ನಿರ್ಣಯಗಳೆಂದು ಅವನಿಗೇ ತಿಳಿದಿರುವುದಿಲ್ಲ.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಿಚಾರಮಾಡಿದರೆ ಇವು ಮೂರು ಬಗೆಯಾಗುತ್ತವೆ. ಧರ್ಮವೂ ಕಾನೂನೂ ಈಗಾಗಲೇ ನಿರ್ಣಯಿಸಿಟ್ಟಿರುವ, ಮುಖ್ಯೋಪಾಧ್ಯಾಯನು ಹೊಸದಾಗಿ ತೂಗಬೇಕಾದುದೇನೂ ಇಲ್ಲದ ವಿಷಯಗಳು ಮೊದಲನೆಯವು. ನಿಯಮವಿದ್ದೂ ಅದನ್ನು ಈ ಸಂದರ್ಭಕ್ಕೆ ಹೇಗೆ ಅನ್ವಯಿಸಬೇಕೆಂದು ಯೋಚಿಸಬೇಕಾದವು ಎರಡನೆಯವು. ಯಾವ ನಿಯಮವೂ ತಲುಪದ, ಕೇವಲ ಮನುಷ್ಯನ ಮನಸ್ಸೇ ದಾರಿ ತೋರಬೇಕಾದವು ಮೂರನೆಯವು. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸುವುದೇ ವಿವೇಕದ ಮೊದಲ ಮೆಟ್ಟಿಲು. ವಿವೇಕ ಎಂಬ ಶಬ್ದಕ್ಕೆ ಬೇರ್ಪಡಿಸಿ ತಿಳಿಯುವುದು ಎಂದೇ ಅರ್ಥವಲ್ಲವೆ?

ಮೊದಲನೆಯ ಬಗೆಯನ್ನು ಮೊದಲು ಹೇಳಬೇಕಾದುದಕ್ಕೆ ಕಾರಣವಿದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ೧೭ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣದಿಂದ ಮಗುವನ್ನು ಸೇರಿಸಿಕೊಳ್ಳದಿರಲಾಗದೆಂದು ೧೪ನೆಯ ಪ್ರಕರಣವೂ, ವರ್ಗಾವಣೆ ಪತ್ರವನ್ನು ಕೊಡಲು ತಡಮಾಡುವ ಮುಖ್ಯೋಪಾಧ್ಯಾಯನು ಶಿಸ್ತುಕ್ರಮಕ್ಕೆ ಗುರಿಯಾಗುವನೆಂದು ೫ನೆಯ ಪ್ರಕರಣವೂ ಹೇಳುತ್ತವೆ. ಅಂದಮೇಲೆ, ಮೇಲೆ ಹೇಳಿದ ತಾಯಿ ಕಾರಣ ಹೇಳದಿದ್ದರೂ ಅವಳ ಕೈಗೆ ಪತ್ರ ಸೇರಲೇಬೇಕು. ಕಾರಣವನ್ನು ತಿಳಿಯಲೆತ್ನಿಸುವುದು ಮುಖ್ಯೋಪಾಧ್ಯಾಯನ ಕರ್ತವ್ಯ. ಪತ್ರವನ್ನು ತಡೆಹಿಡಿದು ಕಾರಣವನ್ನು ಹಿಂಡುವುದು ಅಧಿಕಾರದ ದುರುಪಯೋಗ.

ಇದಕ್ಕಿಂತಲೂ ಗಂಭೀರವಾದುದು ಇನ್ನೊಂದಿದೆ. ೨೦೧೨ರ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಅಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾವನೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಹೊಣೆ ಹೊತ್ತವನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಅವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಇಂತಹ ಸಂದರ್ಭದಲ್ಲಿ "ಸ್ವಲ್ಪ ವಿಚಾರಮಾಡೋಣ, ಸಂಸ್ಥೆಯ ಮರ್ಯಾದೆಯ ಪ್ರಶ್ನೆ, ಹಿರಿಯರನ್ನು ಕೇಳೋಣ" ಎಂಬ ಮಾತು ಬಹು ವಿವೇಕದ ಮಾತಿನಂತೆ ಕೇಳಿಸುತ್ತದೆ. ಅದು ವಿವೇಕವಲ್ಲ, ವಿವೇಕದ ವೇಷ ತೊಟ್ಟ ಭಯ. ಸಂಸ್ಥೆಯು ಶಾಲೆಯೇ ಆಗಿರಲಿ, ಆಶ್ರಮವೇ ಆಗಿರಲಿ, ಮಠವೇ ಆಗಿರಲಿ, ಮಗುವಿನ ಕಣ್ಣೀರನ್ನು ಮುಚ್ಚಿಟ್ಟು ಉಳಿಸಿಕೊಂಡ ಮರ್ಯಾದೆಯು ಮರ್ಯಾದೆಯಲ್ಲ. ವಿವೇಚನೆಗೆ ಎಡೆಯಿಲ್ಲದ ಕಡೆ ವಿವೇಚಿಸಹೊರಡುವವನು, ಎಡೆಯಿರುವ ಕಡೆ ಸರಿಯಾಗಿ ವಿವೇಚಿಸಿಯಾನೆಂದು ನಂಬಲಾಗದು.

ಇನ್ನು ಎರಡನೆಯ ಬಗೆ. ಇಲ್ಲಿ ನನಗೆ ಬಾಲ್ಯದಲ್ಲಿ ಕಲಿತ ವ್ಯಾಕರಣವು ನೆರವಿಗೆ ಬರುತ್ತದೆ. ಸಂಸ್ಕೃತ ವೈಯಾಕರಣರು ನಿಯಮಗಳಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಭೇದ ಮಾಡಿದರು. ಎಲ್ಲೆಡೆಗೂ ಹೊಂದುವ ಸಾಮಾನ್ಯ ವಿಧಿಯು ಉತ್ಸರ್ಗ. ಅದರ ಕ್ಷೇತ್ರದೊಳಗೇ ಒಂದು ಭಾಗವನ್ನು ತನ್ನದಾಗಿಸಿಕೊಳ್ಳುವ ವಿಶೇಷ ವಿಧಿಯು ಅಪವಾದ. 'ಅತಿ' ಎಂಬುದರ ಮುಂದೆ 'ಅಂತ' ಬಂದರೆ ಇಕಾರವು ಯಕಾರವಾಗಿ 'ಅತ್ಯಂತ' ಎಂದಾಗುತ್ತದೆ. ಇದು ಯಣ್‌ಸಂಧಿಯ ಸಾಮಾನ್ಯ ವಿಧಿ. ಆದರೆ 'ಕವಿ' ಎಂಬುದರ ಮುಂದೆ 'ಈಶ' ಬಂದರೆ 'ಕವ್ಯೀಶ' ಎಂದಾಗದೆ 'ಕವೀಶ' ಎಂದಾಗುತ್ತದೆ; ಇಲ್ಲಿ ಸವರ್ಣದೀರ್ಘವು ಅಪವಾದವಾಗಿ ಬಂದು ಸಾಮಾನ್ಯ ವಿಧಿಯನ್ನು ತಡೆಯುತ್ತದೆ. ಎಳೆಯ ವಿದ್ಯಾರ್ಥಿಗೂ ತಿಳಿದ ಸಂಗತಿಯಿದು. ಆದರೆ ಇದರಲ್ಲಿ ಒಂದು ದೊಡ್ಡ ನೀತಿ ಅಡಗಿದೆ. 'ಕವೀಶ'ನಿಗೆ ವಿನಾಯಿತಿ ದೊರೆತುದು ಆತನು ಯಾರಿಂದಲೋ ಶಿಫಾರಸು ಪತ್ರ ತಂದನೆಂದಲ್ಲ. ಅದೇ ಸ್ಥಿತಿಯಲ್ಲಿ ನಿಂತ ಪ್ರತಿಯೊಂದು ಪದಕ್ಕೂ, 'ಗಿರೀಶ'ನಿಗೂ 'ಮುನೀಶ್ವರ'ನಿಗೂ, ಅದೇ ವಿನಾಯಿತಿ ಉಂಟು. ಅಪವಾದವೆಂದರೆ ನಿಯಮದ ಭಂಗವಲ್ಲ, ಇನ್ನಷ್ಟು ಸೂಕ್ಷ್ಮವಾದ ನಿಯಮ.

ಪ್ರಾಚೀನ ಗ್ರೀಸಿನ ಅರಿಸ್ಟಾಟಲನೂ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಇಂಥದೇ ವಿಚಾರವನ್ನು ಮಾಡಿದ್ದಾನೆ. ಶಾಸನವು ಎಲ್ಲರನ್ನೂ ಕುರಿತು ಸಾಮಾನ್ಯವಾಗಿ ನುಡಿಯಬೇಕಾಗುವುದರಿಂದ ಕೆಲವೆಡೆ ಅದು ತಪ್ಪುವುದು ಅನಿವಾರ್ಯವೆಂದೂ, ಅಲ್ಲಿ ಶಾಸನಕಾರನೇ ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಮಾಡುವುದೇ ಸಮಂಜಸವೆಂದೂ ಅವನ ಅಭಿಪ್ರಾಯ. ಅದಕ್ಕೆ ಆತನು ಲೆಸ್ಬಾಸ್ ದ್ವೀಪದ ಕಲ್ಲುಕೆಲಸದವರ ದೃಷ್ಟಾಂತವನ್ನು ಕೊಡುತ್ತಾನೆ. ಅವರು ಸೀಸದ ಅಳತೆಪಟ್ಟಿಯನ್ನು ಬಳಸುತ್ತಿದ್ದರಂತೆ. ಅದು ಕಲ್ಲಿನ ಉಬ್ಬುತಗ್ಗುಗಳಿಗೆ ತಕ್ಕಂತೆ ಬಾಗುತ್ತಿತ್ತು. ಇಲ್ಲಿ ಗಮನಿಸಬೇಕಾದುದು ಇಷ್ಟು: ಪಟ್ಟಿ ಬಾಗುವುದು ಕಲ್ಲಿನ ಆಕಾರಕ್ಕೆ, ಕೆಲಸದವನ ಇಷ್ಟಕ್ಕಲ್ಲ.

ಆದುದರಿಂದ ಮುಖ್ಯೋಪಾಧ್ಯಾಯನು ನಿಯಮವನ್ನು ಸಡಿಲಿಸುವಾಗ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದೇ ಸ್ಥಿತಿಯಲ್ಲಿ ನಾಳೆ ಇನ್ನೊಂದು ಮಗು ಬಂದರೆ, ಅದರ ತಂದೆ ಯಾರೇ ಆಗಿರಲಿ, ಇದನ್ನೇ ಮಾಡುವೆನೆ? ಹಾಲು ಹಾಕಿ ತಡವಾಗಿ ಬಂದ ಹುಡುಗನನ್ನು ಒಳಗೆ ಬಿಡುವುದು ಅಪವಾದ. ದುಡಿದು ಬರುವ ಪ್ರತಿ ಮಗುವಿಗೂ ಅದು ಸಲ್ಲುತ್ತದೆ. ಊರ ಪ್ರಮುಖರ ಮೊಮ್ಮಗನೆಂದು ಒಳಗೆ ಬಿಡುವುದು ಅಪವಾದವಲ್ಲ, ಪಕ್ಷಪಾತ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡರಲ್ಲಿಯೂ ತಡವಾಗಿ ಬಂದ ಹುಡುಗನು ಒಳಗೆ ಹೋದನು. ಎರಡೂ ಒಂದೇ ಅಲ್ಲವೆಂಬುದು ಬಾಗಿಲಲ್ಲಿ ಉಳಿದ ಐದು ಮಕ್ಕಳಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಇನ್ನು ನನ್ನ ಮಾತು. ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ, ಮುಖ್ಯೋಪಾಧ್ಯಾಯರು ನಿವೃತ್ತರಾದ ಮೇಲೆ ಎರಡು ವರ್ಷ ಆ ಪ್ರಭಾರವು ನನ್ನ ಪಾಲಿಗೆ ಬಂದಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗನ ಹಾಜರಿಯು ಪರೀಕ್ಷೆಗೆ ಬೇಕಾದುದಕ್ಕಿಂತ ಕಡಿಮೆಯಾಗಿತ್ತು. ನವೆಂಬರಿನಿಂದ ಅವನು ಬಂದೇ ಇರಲಿಲ್ಲ. ಅವನ ತಾಯಿ ಒಂದು ದಿನ ಬಂದು ಬಾಗಿಲ ಹೊರಗೆ ನಿಂತಳು. ನಾನು ಹಾಜರಿ ಪುಸ್ತಕವನ್ನು ತೆರೆದು, ಬೆರಳಿಟ್ಟು, ಬಿಟ್ಟುಹೋದ ದಿನಗಳನ್ನು ಎಣಿಸಿ ತೋರಿಸಿದೆ. "ನಿಯಮ ಹಂಗೈತಿ ತಾಯಿ, ನನ್ನ ಕೈಯಾಗ ಏನೂ ಇಲ್ಲ" ಎಂದೆ. ಅವಳು ಪುಸ್ತಕವನ್ನೂ ನೋಡಲಿಲ್ಲ, ನನ್ನ ಬೆರಳನ್ನೂ ನೋಡಲಿಲ್ಲ. "ಆತ್ರೀ ಗುರುಗಳ, ನಿಮಗ ತಿಳದಂಗ ಮಾಡ್ರಿ" ಎಂದು ಹೇಳಿ ಸೆರಗು ಸರಿಪಡಿಸಿಕೊಂಡು ಹೋದಳು. ಅಂದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ನಾನು ಕಟ್ಟುನಿಟ್ಟಾಗಿದ್ದೇನೆ, ಯಾರೂ ನನ್ನತ್ತ ಬೆರಳು ತೋರಿಸಲಾರರು ಎಂದುಕೊಂಡೆ.

ಆ ಹುಡುಗನ ತಂದೆ ಹಾಸಿಗೆ ಹಿಡಿದಿದ್ದನೆಂದೂ, ಸಾಲ ತೀರಿಸಲು ಹುಡುಗನು ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋಗಿದ್ದನೆಂದೂ ನನಗೆ ತಿಳಿದುದು ಪರೀಕ್ಷೆಗಳು ಮುಗಿದ ಮೇಲೆ. ನಿಯಮವು ತಪ್ಪಾಗಿತ್ತೆ? ಇಲ್ಲ. ಶಾಲೆಗೆ ಬಾರದವನನ್ನು ಬಂದವನೆಂದು ಬರೆಯಬೇಕಾಗಿತ್ತೆ? ಅದು ಸುಳ್ಳಾಗುತ್ತಿತ್ತು. ಆದರೆ ನವೆಂಬರಿನಲ್ಲಿ, ಖಾಲಿ ಜಾಗವನ್ನು ಮೊದಲ ವಾರದಲ್ಲಿ ಕಂಡಾಗಲೇ, ಅವನ ಮನೆಗೆ ಹೋಗಬಹುದಾಗಿತ್ತು. ಊರ ಹಿರಿಯರೊಡನೆ ಮಾತಾಡಿ ಸಾಲದವನಿಂದ ಸ್ವಲ್ಪ ಕಾಲಾವಕಾಶ ಕೇಳಬಹುದಾಗಿತ್ತು. ತಾಯಿ ಬಂದ ದಿನವಾದರೂ ಅವಳನ್ನು ಕೂಡಿಸಿ ಕಾರಣ ಕೇಳಿ, ಮೇಲಿನವರಿಗೆ ನಿಜಸ್ಥಿತಿಯನ್ನು ಬರೆದು, ದಾರಿಯಿದ್ದರೆ ದಾರಿ ಕೇಳಬಹುದಾಗಿತ್ತು. ಇಲ್ಲವಾದರೆ ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆಗೆ ಕೂಡಿಸುವ ಹೊಣೆಯನ್ನು ನಾನೇ ಹೊರಬಹುದಾಗಿತ್ತು. ಇವುಗಳಲ್ಲಿ ಒಂದಕ್ಕೂ ನಿಯಮವು ಅಡ್ಡಿ ಬಂದಿರಲಿಲ್ಲ. "ನನ್ನ ಕೈಯಾಗ ಏನೂ ಇಲ್ಲ" ಎಂದೆನಲ್ಲ, ಅದೇ ಸುಳ್ಳು. ನಿಯಮವನ್ನು ನಾನು ಪಾಲಿಸಲಿಲ್ಲ. ನಿಯಮದ ಹಿಂದೆ ಅಡಗಿಕೊಂಡೆ.

ಇನ್ನೊಂದು ಇದಕ್ಕೆ ವಿರುದ್ಧವಾದ ಪ್ರಸಂಗ. ಅದೇ ಅವಧಿಯಲ್ಲಿ, ಶಾಲೆಗೆ ಬಹಳ ನೆರವು ನೀಡಿದ್ದ ಗೃಹಸ್ಥರೊಬ್ಬರ ಮಗನು ಕೆಳತರಗತಿಯ ಬಡಹುಡುಗನೊಬ್ಬನನ್ನು ಹೊಡೆದು ಹಲ್ಲು ಮುರಿದನು. ನಾನು ಇಬ್ಬರನ್ನೂ ಕರೆದು, ಕೈ ಕೈ ಹಿಡಿಸಿ, ಕ್ಷಮೆಯ ಮಹಿಮೆಯನ್ನು ಕುರಿತು ಉಪದೇಶ ಮಾಡಿ ಕಳುಹಿಸಿದೆ. ಹುಡುಗನ ಭವಿಷ್ಯ ಹಾಳಾಗಬಾರದು, ದಯೆಯೇ ಧರ್ಮದ ಮೂಲ ಎಂದು ಶಿಕ್ಷಕರ ಮುಂದೆಯೂ ಹೇಳಿದೆ. ಒಂದು ತಿಂಗಳೊಳಗೆ ಆ ಚಿಕ್ಕ ಹುಡುಗನ ತಂದೆ ಬಂದು ವರ್ಗಾವಣೆ ಪತ್ರ ಕೇಳಿದನು. ಕಾರಣವೆಂದು "ವಾಸಸ್ಥಳ ಬದಲಾವಣೆ" ಎಂದು ಬರೆಸಿದನು. ಅವರು ಮನೆಯನ್ನು ಬದಲಿಸಿರಲಿಲ್ಲವೆಂಬುದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆಯೆಂಬುದು ಅವನಿಗೂ ಗೊತ್ತಿತ್ತು. ಇಬ್ಬರೂ ತಲೆ ತಗ್ಗಿಸಿ ರುಜು ಹಾಕಿದೆವು.

ಮೊದಲನೆಯದರಲ್ಲಿ ಕಾಠಿಣ್ಯದಿಂದಲೂ ಎರಡನೆಯದರಲ್ಲಿ ಮೃದುತ್ವದಿಂದಲೂ ಕೆಟ್ಟೆನೆಂದು ಬಹುಕಾಲ ತಿಳಿದಿದ್ದೆ. ಈಗ ಹಾಗೆ ತೋರುವುದಿಲ್ಲ. ಎರಡೂ ಒಂದೇ ತಪ್ಪು. ಮೊದಲನೆಯ ದಿನ ನಾನು ಪುಸ್ತಕವನ್ನು ನೋಡಿದೆ, ಹುಡುಗನನ್ನು ನೋಡಲಿಲ್ಲ. ಎರಡನೆಯ ದಿನ ದೊಡ್ಡವರ ಮುಖವನ್ನು ನೋಡಿದೆ, ಮುರಿದ ಹಲ್ಲನ್ನು ನೋಡಲಿಲ್ಲ. ಹೊಡೆಸಿಕೊಂಡವನನ್ನು "ನಿನಗೇನು ಬೇಕಪ್ಪಾ?" ಎಂದು ಒಂದು ಮಾತು ಕೇಳಲಿಲ್ಲ, ಅವನ ಪರವಾಗಿ ನಾನೇ ಕ್ಷಮಿಸಿಬಿಟ್ಟೆ. ತನಗಾಗದ ನೋವನ್ನು ತಾನು ಕ್ಷಮಿಸುವುದು ಬಲು ಸುಲಭವಾದ ಔದಾರ್ಯ. ಕಾಠಿಣ್ಯವಾಗಲಿ ಮೃದುತ್ವವಾಗಲಿ ಸ್ವತಃ ಗುಣವೂ ಅಲ್ಲ, ದೋಷವೂ ಅಲ್ಲ. ನೋಡಿ ಮಾಡಿದುದು ಗುಣ. ನೋಡದೆ ಮಾಡಿದುದು ದೋಷ.

ನೋಡುವುದೆಂದರೇನು ಎಂಬುದನ್ನೂ ಸ್ವಲ್ಪ ವಿಚಾರಿಸಬೇಕು. ಶಾಸ್ತ್ರಗಳಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದೊಂದಿದೆ. ಒಂದು ಅಗುಳನ್ನು ಹಿಸುಕಿ ನೋಡಿದರೆ ಗಡಿಗೆಯ ಅನ್ನವೆಲ್ಲ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಶಾಲೆಯಲ್ಲಿ ನಾವು ದಿನವೂ ಈ ನ್ಯಾಯವನ್ನು ಬಳಸುತ್ತೇವೆ. ಒಂದು ದಿನದ ಸುಳ್ಳಿನಿಂದ ಹುಡುಗನು ಸುಳ್ಳುಗಾರನೆಂದೂ, ಒಬ್ಬ ಅಣ್ಣನ ನಡತೆಯಿಂದ ತಮ್ಮನ ನಡತೆಯನ್ನೂ, ಒಂದು ಕೇರಿಯ ಒಂದು ಮಗುವಿನಿಂದ ಆ ಕೇರಿಯ ಎಲ್ಲ ಮಕ್ಕಳನ್ನೂ ಅಳೆದುಬಿಡುತ್ತೇವೆ. ಆದರೆ ಈ ನ್ಯಾಯವು ಅನ್ನಕ್ಕೆ ಏಕೆ ಒಪ್ಪುತ್ತದೆ? ಎಲ್ಲ ಅಗುಳುಗಳಿಗೂ ಒಂದೇ ನೀರು, ಒಂದೇ ಬೆಂಕಿ, ಒಂದೇ ವೇಳೆ ದೊರೆತಿರುವುದರಿಂದ. ಮಕ್ಕಳಿಗೆ ದೊರೆತ ಬೆಂಕಿ ಒಂದೇ ಅಲ್ಲ. ಒಬ್ಬನು ಮೂರು ಹೊತ್ತು ಉಂಡು ಬಂದವನು, ಇನ್ನೊಬ್ಬಳು ತಮ್ಮನನ್ನು ಎತ್ತಿ ಆಡಿಸಿ, ಕಸ ಮುಸುರೆ ಮುಗಿಸಿ ಬಂದವಳು. ಒಂದೇ ಗಡಿಗೆಯಲ್ಲಿ ಬೇಯದವರನ್ನು ಒಂದೇ ಅಗುಳಿನಿಂದ ಪರೀಕ್ಷಿಸುವುದು ನ್ಯಾಯವೆನಿಸದು.

ಅನ್ನದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ನೆನೆಯಬೇಕು. ನಮ್ಮ ರಾಜ್ಯದಲ್ಲಿ ಶಾಲಾಮಕ್ಕಳಿಗೆ ಬಿಸಿಯೂಟ ನೀಡುವ ಯೋಜನೆಯು ೨೦೦೨ರಲ್ಲಿ ಆರಂಭವಾಯಿತು. ಅದಕ್ಕೆ ಅಕ್ಷರದಾಸೋಹವೆಂಬ ಹೆಸರನ್ನಿಟ್ಟುದು ಶರಣರ ನಾಡಿಗೆ ಒಪ್ಪುವ ಮಾತೇ ಆಗಿದೆ. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ಅಡಿಗೆಯ ರುಚಿ ನೋಡಬೇಕೆಂಬ ನಿಯಮವಿದೆ. ೨೦೧೩ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟವನ್ನುಂಡು ೨೩ ಮಕ್ಕಳು ಸತ್ತುಹೋದರು. ಅಂದಿನಿಂದ ಆ ನಿಯಮದ ಅರ್ಥವು ನಮಗೆಲ್ಲ ತಿಳಿದಿರಬೇಕು. ಆದರೂ ಕೆಲವು ಕಡೆ ರುಚಿ ನೋಡಿದ ಪುಸ್ತಕಕ್ಕೆ ವಾರಕ್ಕೊಮ್ಮೆ ಒಟ್ಟಿಗೆ ರುಜು ಬೀಳುವುದುಂಟು. ರುಜು ಹಾಕುವುದು ಕೈ, ರುಚಿ ನೋಡಬೇಕಾದುದು ನಾಲಗೆ. ಮುಖ್ಯೋಪಾಧ್ಯಾಯನ ಕೆಲಸವೆಲ್ಲವೂ ಈ ಒಂದು ಭೇದದಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ. ಕಾಯಕವೆಂಬ ಶಬ್ದದಲ್ಲಿ ಕಾಯವಿದೆ. ದೇಹದಿಂದ, ಕಣ್ಣು ಕಿವಿ ನಾಲಗೆಗಳಿಂದ, ತಾನೇ ಅಲ್ಲಿದ್ದು ಮಾಡತಕ್ಕದ್ದು ಅದು.

ಮೂರನೆಯ ಬಗೆಯ ವಿಷಯಗಳಿಗೆ ಯಾವ ಸುತ್ತೋಲೆಯೂ ಬರುವುದಿಲ್ಲ. ಜಗಳಕ್ಕೆ ಬಂದ ತಂದೆಯ ಮುಂದೆ ತರುಣ ಶಿಕ್ಷಕನನ್ನು ಗದರಿಸಿದರೆ ತಂದೆಯೇನೋ ತೃಪ್ತನಾಗಿ ಹೋಗುತ್ತಾನೆ; ಆದರೆ ಆ ಶಿಕ್ಷಕನು ಮರುದಿನ ತರಗತಿಯಲ್ಲಿ ಯಾವ ಮುಖದಿಂದ ನಿಲ್ಲುತ್ತಾನೆ? ಹಾಗೆಂದು ಶಿಕ್ಷಕನ ತಪ್ಪನ್ನು ಮುಚ್ಚಿದರೆ ಹುಡುಗನಿಗೆ ಅನ್ಯಾಯ. ತಂದೆಯನ್ನು ಕೂಡಿಸಿ ನೀರು ಕೊಟ್ಟು, ಅವನ ಮಾತನ್ನು ಪೂರ್ತಿಯಾಗಿ ಕೇಳಿ, ಹುಡುಗನನ್ನು ಒಳಗೆ ಕಳುಹಿಸಿ, ಶಿಕ್ಷಕನೊಡನೆ ಏಕಾಂತದಲ್ಲಿ ಮಾತಾಡಿ, ಮಾಡಿದುದು ತಪ್ಪಾಗಿದ್ದರೆ ಅದನ್ನು ಆತನೇ ಒಪ್ಪಿಕೊಳ್ಳುವ ಅವಕಾಶ ಮಾಡಿಕೊಡುವುದು, ಇದಕ್ಕೆ ಅರ್ಧ ಗಂಟೆ ಬೇಕು. ಅಂಕಿ ಅಂಶಗಳ ಆಜ್ಞೆಯು ಮೇಜಿನ ಮೇಲೆ ಕಾಯುತ್ತಿದೆ. ಯಾವುದನ್ನು ಮೊದಲು ಮಾಡುವನೆಂಬುದೇ ಆತನ ನಿರ್ಣಯ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರೂ ಮುಖ್ಯೋಪಾಧ್ಯಾಯರೂ ವರ್ಷಕ್ಕೆ ೫೦ ಗಂಟೆಗಳಷ್ಟಾದರೂ ವೃತ್ತಿಶಿಕ್ಷಣ ಪಡೆಯಬೇಕೆಂದು ಹೇಳಿತು, ಅದು ಒಳ್ಳೆಯದೇ. ಆದರೆ ಈ ಅರ್ಧ ಗಂಟೆಯನ್ನು ಯಾವ ತರಬೇತಿಯೂ ಕೊಡಲಾರದು. ಅದನ್ನು ಆತನೇ ತನ್ನ ದಿನದೊಳಗಿಂದ ತೆಗೆಯಬೇಕು.

ನೋಡುವುದಕ್ಕೆ ಕೇಳುವುದೇ ದಾರಿ. ಶೂನ್ಯಸಂಪಾದನೆಯನ್ನು ಓದಿದವರಿಗೆ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವು ನೆನಪಿದ್ದೇ ಇರುತ್ತದೆ. ಶೂನ್ಯಪೀಠದ ಅಧ್ಯಕ್ಷನಾದ ಅಲ್ಲಮಪ್ರಭುವು ಆಕೆಯ ವೇಷವನ್ನು ಕಂಡು ತಳ್ಳಲೂ ಇಲ್ಲ, ಕೀರ್ತಿಯನ್ನು ಕೇಳಿ ಒಡನೆ ಒಪ್ಪಿಕೊಳ್ಳಲೂ ಇಲ್ಲ. ಪ್ರಶ್ನೆಗಳನ್ನು ಕೇಳಿದನು, ನಿಷ್ಠುರವಾಗಿಯೇ ಕೇಳಿದನು. ಆದರೆ ಪ್ರತಿಯೊಂದು ಪ್ರಶ್ನೆಗೂ ಉತ್ತರ ಹೇಳುವ ಅವಕಾಶವು ಆಕೆಗಿತ್ತು, ಆ ಉತ್ತರವನ್ನು ಸಭೆಯೆಲ್ಲ ಕೇಳಿತು. ತರುಣಿಯೊಬ್ಬಳ ಉತ್ತರಕ್ಕೆ ಪೀಠವು ತಲೆಬಾಗಿದುದು ಆ ಪೀಠದ ಹಿರಿಮೆ. ಮುಖ್ಯೋಪಾಧ್ಯಾಯನ ಕುರ್ಚಿಯನ್ನು ಶೂನ್ಯಪೀಠಕ್ಕೆ ಹೋಲಿಸುವ ಧಾರ್ಷ್ಟ್ಯ ನನಗಿಲ್ಲ. ಆದರೆ ಕೇಳದೆ ತಳ್ಳಬಾರದು, ಕೇಳದೆ ಒಪ್ಪಲೂಬಾರದು, ಕೇಳಿದ ಮೇಲೆ ಉತ್ತರಕ್ಕೆ ಕಿವಿಗೊಡಬೇಕು ಎಂಬ ಮಾರ್ಗವು ದೊಡ್ಡ ಪೀಠಕ್ಕೂ ಚಿಕ್ಕ ಕುರ್ಚಿಗೂ ಒಂದೇ.

ಇಲ್ಲಿ ಓದುಗರಲ್ಲಿ ಒಂದು ಆಕ್ಷೇಪ ಏಳಬಹುದು. ಪ್ರತಿಯೊಬ್ಬ ಮುಖ್ಯೋಪಾಧ್ಯಾಯನೂ ತನ್ನ ತನ್ನ ಕಣ್ಣಿಗೆ ಕಂಡಂತೆ ನಿರ್ಣಯಿಸಹೊರಟರೆ ಅದು ಸ್ವೇಚ್ಛಾಚಾರವಾಗದೆ? ನಿಯಮವೇ ಬಡವನಿಗೆ ರಕ್ಷೆಯಲ್ಲವೆ? ಆಕ್ಷೇಪವು ಯುಕ್ತವಾದುದೇ. ಕಣ್ಣು ಮೋಸಹೋಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಆದುದರಿಂದಲೇ ವಿವೇಕವು ಏಕಾಂತದ ವಸ್ತುವಾಗಿರಬಾರದು. ವಿನಾಯಿತಿ ಕೊಟ್ಟರೆ ಕಾರಣವನ್ನು ಬರೆದಿಡಬೇಕು, ಕೊಡದಿದ್ದರೂ ಬರೆದಿಡಬೇಕು. ಬರೆಯಲು ಲೇಖನಿಯೆತ್ತಿದಾಗ ಕೈ ನಡುಗಿದರೆ ಆ ನಿರ್ಣಯದಲ್ಲಿ ಏನೋ ದೋಷವಿದೆಯೆಂದು ತಿಳಿಯಬೇಕು. ಸಹೋದ್ಯೋಗಿಗಳಲ್ಲಿ ತನ್ನನ್ನು ಒಪ್ಪದವನೊಬ್ಬನನ್ನಾದರೂ ಕೇಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ೨೦೦೧ರಿಂದ ತಂದೆತಾಯಿಗಳನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. ಅವು ಗೋಡೆಗೆ ಸುಣ್ಣ ಬಳಿಸುವುದಕ್ಕಷ್ಟೇ ಅಲ್ಲ; ಮುಖ್ಯೋಪಾಧ್ಯಾಯನು ತನ್ನ ಕಾರಣಗಳನ್ನು ಹೇಳಿಕೊಳ್ಳಬೇಕಾದ ಸ್ಥಳವೂ ಅದೇ.

ಇದಕ್ಕಿಂತ ಮುಂದೆ ಹೋದವನೊಬ್ಬನನ್ನು ಹೊರನಾಡಿನ ಇತಿಹಾಸದಲ್ಲಿ ಕಾಣುತ್ತೇವೆ. ಪೋಲೆಂಡಿನ ವಾರ್ಸಾ ನಗರದಲ್ಲಿ ಅನಾಥಾಲಯವನ್ನು ನಡೆಸುತ್ತಿದ್ದ ಯಾನುಷ್ ಕೊರ್ಚಾಕ್ ಎಂಬ ವೈದ್ಯನು ಅಲ್ಲಿ ಮಕ್ಕಳದೇ ಒಂದು ನ್ಯಾಯಸಭೆಯನ್ನು ಏರ್ಪಡಿಸಿದನು. ಅದರ ನಿಬಂಧನೆಗಳಲ್ಲಿ ಕ್ಷಮೆಗೇ ಮೊದಲ ಸ್ಥಾನವಿತ್ತು. ಮಕ್ಕಳು ದೊಡ್ಡವರ ಮೇಲೆಯೂ ಅಲ್ಲಿ ದೂರು ಕೊಡಬಹುದಾಗಿತ್ತು. ಸ್ವತಃ ಕೊರ್ಚಾಕನೂ ಆ ಸಭೆಯ ಮುಂದೆ ನಿಂತು ತನ್ನ ತಪ್ಪಿಗೆ ತೀರ್ಪು ಕೇಳಿದ್ದುಂಟು. ೧೯೪೨ರ ಆಗಸ್ಟ್ ತಿಂಗಳಲ್ಲಿ ನಾತ್ಸಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ವಧಾಸ್ಥಾನಕ್ಕೆ ಸಾಗಿಸಿದಾಗ ಅವನು ಅವರನ್ನು ಬಿಟ್ಟು ಉಳಿಯದೆ ಅವರೊಡನೆಯೇ ಹೋದನು. ತನ್ನ ಕೈಕೆಳಗಿನ ಅತಿ ಚಿಕ್ಕವನಿಗೂ ಉತ್ತರ ಕೊಡಬೇಕಾದವನು ತಾನು ಎಂದು ದಿನದಿನವೂ ನಡೆದು ತೋರಿದವನಿಗೆ, ಕಡೆಯ ದಿನದ ನಿರ್ಣಯವು ಹೊಸದಾಗಿರಲಿಲ್ಲ. ದೊಡ್ಡ ನಿರ್ಣಯಗಳು ಚಿಕ್ಕ ನಿರ್ಣಯಗಳ ಫಲ.

ಈಗ ಗೃಹಸ್ಥರಾದ ಓದುಗರಿಗೆ ಒಂದೆರಡು ಮಾತು. ಮುಖ್ಯೋಪಾಧ್ಯಾಯನ ವಿವೇಕವನ್ನು ಕೆಡಿಸುವವರಲ್ಲಿ ನಾವೂ ಸೇರಿದ್ದೇವೆ. ದಾಖಲಾತಿಯ ಕಾಲದಲ್ಲಿ ಗುರುತಿನವರ ಚೀಟಿಯನ್ನು ಹಿಡಿದು ಹೋಗುವವರು ನಾವು. ನಮ್ಮ ಮಗನು ತಪ್ಪು ಮಾಡಿದಾಗ ದಯೆಯನ್ನೂ ಪರರ ಮಗನು ಮಾಡಿದಾಗ ಶಿಸ್ತನ್ನೂ ಬೇಡುವವರು ನಾವು. ಸಮಾಜದ ಶಾಲೆಯಲ್ಲಿ ನಮ್ಮವರೆಂಬ ಸಲಿಗೆಯು ಇನ್ನೂ ಹೆಚ್ಚು. ಮುಂದಿನ ಸಲ ಅಂತಹ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳುವಾಗ, ಚೀಟಿ ತರಲಾರದ ತಂದೆಯೊಬ್ಬನು ಅದೇ ಬಾಗಿಲಲ್ಲಿ ನಿಂತಿರುವನೆಂದು ನೆನೆಯಬೇಕು. ಅಲ್ಲದೆ ಮನೆಯೆಂಬುದೂ ಒಂದು ಶಾಲೆಯೇ. ಇಬ್ಬರು ಮಕ್ಕಳ ಜಗಳವನ್ನು ತೀರಿಸುವ ತಾಯಿ, ಆಳಿನ ಮಗನು ತಡವಾಗಿ ಬಂದಾಗ ಕಾರಣ ಕೇಳುವ ಯಜಮಾನ, ಇವರೆಲ್ಲರೂ ದಿನವೂ ಆ ಆಸನದಲ್ಲಿ ಕುಳಿತವರೇ ಆಗಿದ್ದಾರೆ.

ಆ ಕಬ್ಬಿನ ಗ್ಯಾಂಗಿನ ಹುಡುಗನನ್ನು ನಾನು ಹಲವು ವರ್ಷಗಳ ಮೇಲೆ ಒಂದು ಸಲ ಕಂಡೆ. ನಾನು ಬಸ್ಸಿಗೆ ಕಾದು ನಿಂತಿದ್ದಾಗ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಮುಂದೆ ಹೋಗಿ ನಿಂತಿತು. ಮೀಸೆ ಬಂದ ತರುಣನೊಬ್ಬನು ಇಳಿದು ಬಂದು "ಶರಣ್ರೀ ಗುರುಗಳ" ಎಂದು ಬಾಗಿದನು. ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅವನಿಗೆ ಬೇಕಾಗಲಿಲ್ಲ. ತನ್ನ ಮಗಳನ್ನು ಈ ವರ್ಷ ಶಾಲೆಗೆ ಹಾಕಿರುವೆನೆಂದು ಹೇಳಿದನು. ಅವನ ಮನಸ್ಸಿನಲ್ಲಿ ನನ್ನ ಮೇಲೆ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಭಾರವಾಗುತ್ತಿರಲಿಲ್ಲವೇನೋ. "ಶಾಲೆ ತಪ್ಪಿಸಬ್ಯಾಡಪ್ಪ, ಏನಾರ ತೊಂದರೆ ಬಂದ್ರ ಅಲ್ಲಿಯ ಗುರುಗಳಿಗೆ ಹೇಳು" ಎಂದೆ. "ಅವರು ಕೇಳ್ತಾರ್ರಿ" ಎಂದನು. ಹೇಳಿದರೆ ಕಿವಿಗೊಡುವರು ಎಂದನೋ, ತಾವೇ ಬಂದು ವಿಚಾರಿಸುವರು ಎಂದನೋ, ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ಆ ಮಗುವಿನ ಶಾಲೆಯ ಕುರ್ಚಿಯಲ್ಲಿ ಕುಳಿತವರು ನಾನು ಮಾಡದೆ ಬಿಟ್ಟುದನ್ನು ಮಾಡುತ್ತಿದ್ದಾರೆ. ಅವರಿಗೆ ಶರಣಾರ್ಥಿ.